ಗ್ರಾಂಟ್ ರೋಡಿಗೊಂದು ಗ್ಯಾಸಿನ ಡ್ರಮ್ ಬೇಕು

ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಭಾಜಿ ಗಲ್ಲಿಯಲ್ಲಿ ವ್ಯಾಪಾರ ಮುಗಿದ ಮೇಲೆ ಹೂಕೋಸಿನ ಎಲೆ, ಬಟಾಣಿ ಸಿಪ್ಪೆ, ಕೊಳೆತ ಟೊಮೆಟೊ ಉಳಿಯುತ್ತವೆ. ಅದಕ್ಕೆ ನಮ್ಮಂಥ ಹೋಟೆಲಿನವರ ಮುಸುರೆ, ಮಿಕ್ಕ ಅನ್ನ, ಸಾಂಬಾರಿನ ತಳವೂ ಸೇರುತ್ತದೆ. ಇದೆಲ್ಲ ಲಾರಿ ಹತ್ತಿ ಹೊರಡುವ ಬೀದಿಗೇ ಸಿಲಿಂಡರಿನ ಗಾಡಿಯೂ ಬರುತ್ತದೆ. ಒಲೆ ಉರಿಸಬಲ್ಲ ಪದಾರ್ಥವನ್ನು ಎಸೆದು, ಉರಿಯನ್ನು ದುಡ್ಡು ಕೊಟ್ಟು ತರಿಸುತ್ತಿದ್ದೇವೆ. ಹೋಟೆಲ್ ನಡೆಸುವ ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ.

ಹಸಿಕಸದಿಂದ ಗ್ಯಾಸ್ ತೆಗೆಯುವುದು ಮುಂಬಯಿಗೆ ಹೊಸ ವಿದ್ಯೆಯಲ್ಲ. 1897ರಲ್ಲೇ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದಿಂದ ಗ್ಯಾಸ್ ತೆಗೆದಿದ್ದರು. ಟ್ರಾಂಬೆಯ ಬಿ.ಎ.ಆರ್.ಸಿ. ಅಡುಗೆಮನೆಯ ಕಸಕ್ಕೆಂದೇ ‘ನಿಸರ್ಗಋಣ’ ಸ್ಥಾವರ ರೂಪಿಸಿತು. ನಮ್ಮದೇ ಡಿ ವಾರ್ಡಿನಲ್ಲಿ, ಹಾಜಿ ಅಲಿ ಹತ್ತಿರದ ಕೇಶವರಾವ್ ಖಾಡ್ಯೆ ಮಾರ್ಗದಲ್ಲಿ, ಹಸಿಕಸದ ವಿದ್ಯುತ್ತಿನಿಂದ ವಾಹನ ಚಾರ್ಜ್ ಮಾಡುವ ಕೇಂದ್ರ 2022ರಲ್ಲಿ ಶುರುವಾಯಿತು.

ಕಷ್ಟವಿರುವುದು ಹುಟ್ಟಿದ ಗ್ಯಾಸನ್ನು ಹಿಡಿದಿಡುವುದರಲ್ಲಿ. ಗುಂಡಿಯೊಳಗಿನ ಸೂಕ್ಷ್ಮಾಣುಗಳು ಹಗಲು ರಾತ್ರಿ ಗ್ಯಾಸ್ ಬಿಡುತ್ತಲೇ ಇರುತ್ತವೆ. ಹೋಟೆಲಿಗೆ ಬೇಕಾಗುವುದು ಬೆಳಗಿನ ಇಡ್ಲಿಯ ಹೊತ್ತಿಗೆ, ಮಧ್ಯಾಹ್ನದ ಊಟಕ್ಕೆ, ಸಂಜೆಯ ತಿಂಡಿಗೆ. ಈ ಎರಡನ್ನೂ ಹೊಂದಿಸಲು ಹಿಗ್ಗಿ ಕುಗ್ಗುವ ಪಾತ್ರೆಯೇ ಬೇಕು.

ಕಾರ್ಕಳದ ಕಡೆ ನಮ್ಮ ಮನೆಯ ಹಟ್ಟಿಯ ಹಿಂದೆ ಅಂಥದೊಂದಿತ್ತು. ಸೆಗಣಿ ಬಗ್ಗಡ ತುಂಬಿದ ಬಾವಿಯ ಮೇಲೆ ಕಬ್ಬಿಣದ ಡ್ರಮ್ಮನ್ನು ಕವುಚಿ ಇಟ್ಟಿದ್ದರು. ರಾತ್ರಿಯಿಡೀ ಗ್ಯಾಸ್ ತುಂಬಿ ಬೆಳಿಗ್ಗೆ ಅದು ಎದೆಮಟ್ಟ ಎದ್ದಿರುತ್ತಿತ್ತು. ಅನ್ನ, ಸಾರು ಆಗುವಷ್ಟರಲ್ಲಿ ಇಳಿದಿರುತ್ತಿತ್ತು. ನಡುವಿನ ಪೈಪು ಅದನ್ನು ಓರೆಯಾಗಲು ಬಿಡುತ್ತಿರಲಿಲ್ಲ. ಅಮ್ಮ ದಿನಕ್ಕೊಮ್ಮೆ ಡ್ರಮ್ಮನ್ನು ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದರು, ಮೇಲೆ ಕಟ್ಟಿದ ಕೆನೆ ಒಡೆಯಲಿ ಎಂದು. ಎಷ್ಟು ಗ್ಯಾಸ್ ಉಳಿದಿದೆ ಎಂದು ಅಂಗಳದಿಂದಲೇ ಕಾಣುತ್ತಿತ್ತು. ಒತ್ತಡ ಕೊಡುವುದು ಡ್ರಮ್ಮಿನ ಭಾರ ಮಾತ್ರ. ಹಾಗಾಗಿ ತುಂಬಿದಾಗಲೂ ತಳ ಹಿಡಿದಾಗಲೂ ಉರಿ ಒಂದೇ ಸಮ.

ಹಿಂದೆ ಮುಂಬಯಿಯ ಬೀದಿದೀಪಗಳೂ ಇಂಥ ಪಾತ್ರೆಗಳನ್ನೇ ನಂಬಿದ್ದವು. 1865ರಲ್ಲಿ ಇಲ್ಲಿ ಗ್ಯಾಸ್ ದೀಪ ಹೊತ್ತಿದಾಗ, ಕಲ್ಲಿದ್ದಲಿನಿಂದ ತೆಗೆದ ಗ್ಯಾಸು ನೀರಿನಲ್ಲಿ ತೇಲುವ ಭಾರಿ ಟ್ಯಾಂಕುಗಳಲ್ಲಿ ಕೂಡಿ ಪೈಪುಗಳಿಗೆ ಹರಿಯುವುದು ಆ ಕಾಲದ ಪದ್ಧತಿ. ಲಾಲ್‌ಬಾಗಿನ ಗ್ಯಾಸ್ ಕಂಪನಿ ಲೇನ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ನಮ್ಮ ಕರ್ನಾಟಕದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೇ ಸೇರಿದ ಸ್ಥಾವರ ಕಟ್ಟಿತು. ಮನೆಮನೆಯ ಸೆಗಣಿಯನ್ನು ಒಂದೆಡೆ ಸೇರಿಸಿ, 1987ರಿಂದ ಅದರ ಗ್ಯಾಸಿನಲ್ಲಿ ವಿದ್ಯುತ್ ತೆಗೆದು ಊರಿಗೆ ದೀಪ, ಕೊಳವೆಬಾವಿಯ ನೀರು ಕೊಟ್ಟರು.

ಜಾಗದ ಪ್ರಶ್ನೆ ದೊಡ್ಡದೇ. ಒಂದು ಘನಮೀಟರ್ ಬಯೋಗ್ಯಾಸ್ ಅರ್ಧ ಕಿಲೋ ಎಲ್‌ಪಿಜಿಗೂ ಸಮವಲ್ಲ. ನಾವು ಬಳಸುವ 19 ಕಿಲೋ ಸಿಲಿಂಡರ್ ಒಂದಕ್ಕೆ ಬದಲಾಗಿ 40 ಘನಮೀಟರಿಗೂ ಹೆಚ್ಚು ಗ್ಯಾಸ್ ಬೇಕು. ಅಡುಗೆಮನೆಯಲ್ಲಿ ಕಾಲಿಡಲೂ ಜಾಗವಿಲ್ಲದ ಗ್ರಾಂಟ್ ರೋಡಿನ ಹೋಟೆಲು ಇದನ್ನು ಎಲ್ಲಿಡಬೇಕು? ಆದ್ದರಿಂದಲೇ ಇದು ಒಬ್ಬೊಬ್ಬರ ಕೆಲಸವಲ್ಲ, ಮಾರ್ಕೆಟಿನದು, ವಾರ್ಡಿನದು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರು ಹಸಿಕಸವನ್ನು ಆದಷ್ಟೂ ತಮ್ಮಲ್ಲೇ ವಿಲೇ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ನಿಯಮ ಮಾಡಿದವರು ಜಾಗವನ್ನೂ ತೋರಿಸಬೇಕಿತ್ತು.

ಈಗ ಗ್ಯಾಸ್ ಹಿಡಿದಿಡುವ ಬಲೂನುಗಳೂ ಬಂದಿವೆ, ಅಗ್ಗವೂ ಹೌದು. ಆದರೆ ಮುಂಬಯಿಯ ಬಿಸಿಲು, ಮುಂಬಯಿಯ ಹೆಗ್ಗಣ ಎರಡನ್ನೂ ಬಲ್ಲವನಾಗಿ ಹೇಳುತ್ತೇನೆ, ನೀರಿನ ತಡೆಯಿರುವ ಫೈಬರ್ ಡ್ರಮ್ಮೇ ಮೇಲು. ಅದಕ್ಕೆ ಕಬ್ಬಿಣದ ಹಾಗೆ ತುಕ್ಕಿನ ಭಯವೂ ಇಲ್ಲ.

ಪಾಲಿಕೆಯವರಲ್ಲಿ ನನ್ನ ಕೋರಿಕೆ ಇಷ್ಟು: ಹಳೆ ಮಾರ್ಕೆಟುಗಳನ್ನು ಕೆಡವಿ ಕಟ್ಟುವಾಗ ಪಾರ್ಕಿಂಗಿಗೆ ಜಾಗ ಬಿಡುವಂತೆ ಗ್ಯಾಸಿನ ಡ್ರಮ್ಮಿಗೂ ಬಯಲಲ್ಲಿ, ಬೆಂಕಿಯಿಂದ ದೂರವಿರುವ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ. ಹೋಟೆಲ್ ಮಾಲೀಕರ ಸಂಘ ‘ಆಹಾರ್’ ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಬೇಕು. ಹಸಿಕಸವನ್ನು ಪ್ಲಾಸ್ಟಿಕ್ ಬೆರೆಸದೆ ಕೊಡುವ ಹೊಣೆ ಹೋಟೆಲಿನವರಾದ ನಮ್ಮದು.