ನೀರಿದೆ, ಗಾಳಿಯಿದೆ, ದೋಣಿ ಯಾರದು?

ಬೀದರ್ ಜಿಲ್ಲೆಯ ಬೇಮಳಖೇಡದವನಾದ ನಾನು ಹಾಯಿದೋಣಿಯ ಬಗ್ಗೆ ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ನಮ್ಮದು ತೊಗರಿ, ಜೋಳ, ಕಬ್ಬಿನ ಸೀಮೆ. ಸಮುದ್ರ ನೂರಾರು ಕಿಲೋಮೀಟರ್ ದೂರ. ಹೊಲದ ಬಾವಿಯಲ್ಲಿ ಈಜು ಕಲಿತದ್ದೇ ನಮ್ಮ ಪೀಳಿಗೆಯ ಜಲಕ್ರೀಡೆ. ಆದರೂ ಈ ವಿಷಯ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಕಂಡ ದೃಶ್ಯ. ಇನ್ನೊಂದು, ಸೇವೆಯಲ್ಲಿದ್ದಾಗ ನಾನೇ ಬರೆದ ಒಂದು ಟಿಪ್ಪಣಿ.

ಮನ್ನಾಎಖ್ಖೇಳಿಯ ಬಳಿ ಹೆದ್ದಾರಿ ಹಿಡಿದರೆ ಹೈದರಾಬಾದ್ ಕೆಲವೇ ತಾಸಿನ ದಾರಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮಗೆ ರಾಜಧಾನಿಯೂ ಅದೇ ಆಗಿತ್ತು. ಅಲ್ಲಿನ ಹುಸೇನ್ ಸಾಗರ 16ನೇ ಶತಮಾನದಲ್ಲಿ ಇಬ್ರಾಹಿಂ ಕುತುಬ್ ಷಾನ ಆಳ್ವಿಕೆಯಲ್ಲಿ ಕಟ್ಟಿದ ಕೆರೆ. ಮಳೆಗಾಲದ ಗಾಳಿ ಬೀಸತೊಡಗಿದಾಗ ಅಲ್ಲಿ ಹಾಯಿದೋಣಿ ಸ್ಪರ್ಧೆಗಳು ಆರಂಭವಾಗುತ್ತವೆ. ಸೇನೆಯ ಇಎಂಇ ಸೇಲಿಂಗ್ ಅಸೋಸಿಯೇಷನ್ ಅಲ್ಲಿ ದಶಕಗಳಿಂದ ಈ ಕ್ರೀಡೆಯನ್ನು ಪೋಷಿಸಿಕೊಂಡು ಬಂದಿದೆ. 2009ರಲ್ಲಿ ಆರಂಭವಾದ ಯಾಟ್ ಕ್ಲಬ್ ಆಫ್ ಹೈದರಾಬಾದ್, ಸರ್ಕಾರಿ ಶಾಲೆಗಳ ಬಡ ಮಕ್ಕಳನ್ನೂ ಕರೆತಂದು ಚುಕ್ಕಾಣಿ ಹಿಡಿಸಿದೆ.

ಒಮ್ಮೆ ಮೊಮ್ಮಗಳೊಡನೆ ದಂಡೆಯ ಮೇಲೆ ನಿಂತು ಈ ಸ್ಪರ್ಧೆಯನ್ನು ನೋಡುತ್ತಿದ್ದೆ. ಸಣ್ಣ ದೋಣಿಗಳು ಗುರಿಯತ್ತ ನೇರವಾಗಿ ಹೋಗದೆ ಅತ್ತಿತ್ತ ಓರೆಯಾಗಿ ಸಾಗುತ್ತಿದ್ದವು. ‘ಮುತ್ಯಾ, ಸೀದಾ ಯಾಕ ಹೋಗವಲ್ರು?’ ಎಂದು ಮೊಮ್ಮಗಳು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಪಕ್ಕದಲ್ಲಿದ್ದ ತರಬೇತುದಾರರೊಬ್ಬರು ವಿವರಿಸಿದರು: ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗಲಾರದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಿಯೇ ಗುರಿ ಮುಟ್ಟಬೇಕು.

ಈ ಕ್ರೀಡೆಯ ನಿಯಮಗಳು ಆಡಳಿತದಲ್ಲಿದ್ದವರಿಗೆ ಪಾಠದಂತಿವೆ. ಸಾಮಾನ್ಯವಾಗಿ ಆರಂಭಕ್ಕೆ 5 ನಿಮಿಷ ಮೊದಲು ಮೊದಲ ಸಂಕೇತ. ಎದುರುಬದುರಾದಾಗ ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಬದಿಯಿಂದ ಪಡೆಯುತ್ತಿರುವ ದೋಣಿ ದಾರಿ ಬಿಡಬೇಕು. ತಪ್ಪಿದರೆ ಸೀಟಿ ಊದುವವರಿಗಾಗಿ ಕಾಯುವಂತಿಲ್ಲ. ತಪ್ಪಿತಸ್ಥ ತಾನಾಗಿಯೇ ಬದಿಗೆ ಸರಿದು ಎರಡು ಸುತ್ತು ತಿರುಗಿ ದಂಡ ತೆರಬೇಕು. ಒಪ್ಪದಿದ್ದರೆ ದಡಕ್ಕೆ ಬಂದ ಮೇಲೆ ವಿಚಾರಣೆ. ಪೊಲೀಸನಿಲ್ಲದೆಯೂ ಕಾನೂನು ಪಾಲಿಸುವುದನ್ನು ಹತ್ತು ವರ್ಷದ ಮಗು ನೀರಿನ ಮೇಲೆ ಕಲಿಯುತ್ತದೆ.

ಕ್ಲಬ್ಬಿನ ಬದುಕಿನಲ್ಲೂ ಇದೇ ಶಿಸ್ತು. ಸ್ಪರ್ಧೆ ಮುಗಿದೊಡನೆ ಗೆದ್ದವರೂ ಸೋತವರೂ ಸೇರಿ ದೋಣಿಗಳನ್ನು ದಡಕ್ಕೆಳೆಯುತ್ತಾರೆ, ತೊಳೆಯುತ್ತಾರೆ, ಹಾಯಿ ಮಡಿಸಿಡುತ್ತಾರೆ. ಒಬ್ಬರ ಸರದಿ ಸ್ಪರ್ಧೆಗಾದರೆ ಇನ್ನೊಬ್ಬರ ಸರದಿ ಸಮಯ ಬರೆದುಕೊಳ್ಳಲು, ರಕ್ಷಣಾ ದೋಣಿಯಲ್ಲಿ ಕಾಯಲು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಆಗ ನೆನಪಾದವರು ಜೇಮ್ಸ್ ಬುಕಾನನ್. 1965ರಲ್ಲಿ ಅವರು ಕ್ಲಬ್ಬುಗಳ ಕುರಿತೇ ಒಂದು ಸಿದ್ಧಾಂತವನ್ನು ಮಂಡಿಸಿದರು. 1986ರಲ್ಲಿ ಅವರಿಗೆ ನೊಬೆಲ್ ಸಂದಿತು. ಒಬ್ಬರಿಗೆ ದುಬಾರಿಯಾದ ಸೌಲಭ್ಯವನ್ನು ಹಲವರು ಹಂಚಿಕೊಂಡರೆ ತಲಾ ವೆಚ್ಚ ಇಳಿಯುತ್ತದೆ. ಆದರೆ ಮಿತಿ ಮೀರಿ ಜನ ಸೇರಿದರೆ ನೂಕುನುಗ್ಗಲಾಗುತ್ತದೆ. ಆದ್ದರಿಂದ ಕ್ಲಬ್ಬಿಗೆ ಬಾಗಿಲು ಬೇಕು. ಹಾಗಿದ್ದರೆ ಆ ಬಾಗಿಲಲ್ಲಿ ಯಾರನ್ನು ಒಳಬಿಡಬೇಕು? ನಮ್ಮ ದೇಶದಲ್ಲಿ ಬಹುಕಾಲ ಇದಕ್ಕೆ ಉತ್ತರ ಕೊಟ್ಟದ್ದು ಹಣ ಮತ್ತು ಹುದ್ದೆ. ಕೆರೆ ಸಾರ್ವಜನಿಕರದು, ದೋಣಿ ಮಾತ್ರ ಸದಸ್ಯರದು ಎಂಬ ವ್ಯವಸ್ಥೆ ಬೆಳೆದದ್ದು ಹೀಗೆ.

ಇನ್ನು ನನ್ನ ಟಿಪ್ಪಣಿಯ ವಿಷಯ. ಸೇವೆಯಲ್ಲಿದ್ದಾಗ ಒಣಪ್ರದೇಶದ ಜಲಾಶಯವೊಂದರಲ್ಲಿ ಮಕ್ಕಳಿಗೆ ದೋಣಿ ತರಬೇತಿ ನೀಡುವ ಸಣ್ಣ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ‘ಬರಪೀಡಿತ ಪ್ರದೇಶಕ್ಕೆ ಅನಗತ್ಯ ವೆಚ್ಚ’ ಎಂದು ಒಂದೇ ಸಾಲು ಬರೆದು ಕಡತ ಮುಗಿಸಿದೆ. ಆ ಸಾಲಿನಲ್ಲಿ ಮಿತವ್ಯಯವಿತ್ತು ಎಂದು ಆಗ ನಂಬಿದ್ದೆ. ಇಂಥ ಆಟ ನಮ್ಮ ಕಡೆಯ ಮಕ್ಕಳಿಗೆ ಹೇಳಿಸಿದ್ದಲ್ಲ ಎಂಬ ತಾತ್ಸಾರವೂ ಅದರಲ್ಲಿತ್ತೆಂದು ಈಗ ತೋರುತ್ತದೆ.

ನನ್ನ ಅಭಿಪ್ರಾಯ ತಪ್ಪೆಂದು ತೋರಿಸಿಕೊಟ್ಟದ್ದು ಮಧ್ಯಪ್ರದೇಶ. ಅದಕ್ಕೂ ಕಡಲಿಲ್ಲ. ಭೋಪಾಲದ ದೊಡ್ಡ ಕೆರೆಯಲ್ಲಿರುವ ರಾಷ್ಟ್ರೀಯ ಹಾಯಿದೋಣಿ ಶಾಲೆಯಲ್ಲಿ ಕಲಿತ ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು. ಈ ಕ್ರೀಡೆಯಲ್ಲಿ ಮೊದಲ ಸ್ಥಾನಕ್ಕೆ 1 ಅಂಕ, ಎರಡನೆಯದಕ್ಕೆ 2. ಕಡಿಮೆ ಅಂಕ ಪಡೆದವರೇ ಮುಂದೆ. 11 ಓಟಗಳಲ್ಲಿ ಆಕೆಯ ಒಟ್ಟು ಅಂಕ 32. ಅತ್ಯಂತ ಕಳಪೆ ಓಟದ 5 ಅಂಕಗಳನ್ನು ಕಳೆದರೆ ಉಳಿದದ್ದು 27.

ನಮ್ಮ ಜಿಲ್ಲೆಯಲ್ಲೂ ನೀರಿದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ. ಅಲ್ಲಿ ಹತ್ತಾರು ಸಣ್ಣ ದೋಣಿಗಳ ಒಂದು ಸಾರ್ವಜನಿಕ ಕ್ಲಬ್ ಏಕಾಗಬಾರದು?

ಆಕ್ಷೇಪಗಳು ಬರುತ್ತವೆ, ಬರಬೇಕು ಕೂಡ. ಮೊದಲನೆಯದು ವೆಚ್ಚ. ಮಕ್ಕಳ ‘ಆಪ್ಟಿಮಿಸ್ಟ್’ ದೋಣಿಯನ್ನು 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದೇ ಪ್ಲೈವುಡ್ ಹಲಗೆಗಳಿಂದ ಅಗ್ಗವಾಗಿ ಕಟ್ಟಲೆಂದು. ಉದ್ದ 2.3 ಮೀಟರ್, ತೂಕ 35 ಕಿಲೋ. ಅಭ್ಯಾಸಕ್ಕೆ ಸಾಕಾಗುವಂಥ ದೋಣಿಗಳನ್ನು ನಮ್ಮ ಬಡಿಗರೂ ಮಾಡಿಯಾರು.

ಎರಡನೆಯದು ಕುಡಿಯುವ ನೀರು. ಭೋಪಾಲದ ಕೆರೆಯೂ ಆ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಅಲ್ಲಿ ಮೋಟಾರು ದೋಣಿಗಳ ವಿಹಾರವನ್ನು ನಿಷೇಧಿಸಿತು. ಹಾಯಿಗೆ ಡೀಸೆಲ್ ಬೇಡ. ರಕ್ಷಣಾ ದೋಣಿಯೂ ವಿದ್ಯುತ್ ಬ್ಯಾಟರಿಯದಾಗಿರಬೇಕೆಂದು ಷರತ್ತು ಹಾಕಬಹುದು. ಈಜು ಬಾರದ ಮಗು ದೋಣಿ ಹತ್ತಬಾರದು, ಜೀವರಕ್ಷಕ ಅಂಗಿಯಿಲ್ಲದೆ ಯಾರೂ ನೀರಿಗಿಳಿಯಬಾರದು ಎಂಬ ಎರಡು ನಿಯಮಗಳಲ್ಲಿ ರಿಯಾಯಿತಿ ಕೂಡದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಕಾರಂಜಾದ ನೀರಿನಡಿಯಲ್ಲಿ ರೈತರ ಹೊಲಗಳಿವೆ. ನ್ಯಾಯವಾದ ಪರಿಹಾರಕ್ಕಾಗಿ ಸಂತ್ರಸ್ತರು ಬೀದರಿನಲ್ಲಿ ದೀರ್ಘಕಾಲ ಧರಣಿ ಕುಳಿತಿದ್ದಾರೆ. ಅವರ ಹೊಲದ ಮೇಲೆ ಉಳ್ಳವರ ಮಕ್ಕಳು ವಿಹರಿಸುವುದಾದರೆ ಆ ಕ್ಲಬ್ ಬೇಡವೇ ಬೇಡ. ಪರಿಹಾರದ ಬಾಕಿ ಮೊದಲು ತೀರಲಿ. ಕ್ಲಬ್ಬಿನ ಮೊದಲ ಸದಸ್ಯತ್ವ ಭೂಮಿ ಕಳೆದುಕೊಂಡ ಕುಟುಂಬಗಳ ಮತ್ತು ಸುತ್ತಲಿನ ಮೀನುಗಾರರ ಮಕ್ಕಳಿಗೆ ಶುಲ್ಕವಿಲ್ಲದೆ ಸಿಗಲಿ. ಅವರ ಬಲೆ ಬೀಸುವ ಜಾಗ, ಹೊತ್ತುಗಳಿಗೆ ಸ್ಪರ್ಧೆ ಅಡ್ಡ ಬರದಿರಲಿ.

ಇದಕ್ಕೆ ಹೊಸ ಇಲಾಖೆಯ ಅಗತ್ಯವಿಲ್ಲ. ಸಾಹಸ ಕ್ರೀಡೆಗಾಗಿಯೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಜ್ಯದಲ್ಲಿದೆ; ಈ ಭಾಗದ ಅಭಿವೃದ್ಧಿಗೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಹುಸೇನ್ ಸಾಗರದ ತರಬೇತುದಾರರು ಕೂಗಳತೆಯಲ್ಲಿದ್ದಾರೆ. ಜಲಾಶಯ ತಳ ಕಾಣುವ ಬರಗಾಲದ ವರ್ಷಗಳಲ್ಲಿ ದೋಣಿಗಳು ಶೆಡ್ಡಿನಲ್ಲಿರಲಿ, ಮಕ್ಕಳು ಗಾಳಿಯ ಪಾಠ ಕಲಿಯಲಿ.

ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೆಸರಿನಷ್ಟು ಸುಲಭವಾಗಿ ನಮ್ಮ ಮನೋಭಾವ ಬದಲಾಗಿಲ್ಲ. ಅನ್ನ, ನೀರು, ರಸ್ತೆ ಕೊಟ್ಟರೆ ಹಿಂದುಳಿದ ಪ್ರದೇಶಕ್ಕೆ ಸಾಕು, ಆಟ ಮುಂದುವರಿದವರಿಗೆ ಎಂದು ಕಡತಗಳು ಇಂದಿಗೂ ಒಳಗೊಳಗೇ ಲೆಕ್ಕ ಹಾಕುತ್ತವೆ. ಅಂಥದೊಂದು ಲೆಕ್ಕವನ್ನು ನಾನೂ ಹಾಕಿದ್ದೆ. ಅಂಥ ಪ್ರಸ್ತಾವ ಮತ್ತೆ ಯಾವುದಾದರೂ ಮೇಜಿಗೆ ಬಂದರೆ, ಅಲ್ಲಿ ಕುಳಿತ ಅಧಿಕಾರಿ ನನ್ನಂತೆ ಒಂದೇ ಸಾಲು ಬರೆಯದೆ, ಒಮ್ಮೆ ಆ ಜಲಾಶಯದ ದಂಡೆಗೆ ಹೋಗಿ ನಿಂತು ಬರಲಿ.