ಹ್ಯಾಮ್ ಅಂದ್ರೆ ಸೂಪು, ಹಂದಿ ಅಂದ್ರೆ ಛೀ

ಹೋದ ಜನವರಿಯಲ್ಲಿ ಆಫೀಸಿನ ಪಾಟ್‌ಲಕ್ ಊಟಕ್ಕೆ ನಾನೊಂದು ಪಾತ್ರೆ ಸಾರು ಮಾಡಿಕೊಂಡು ಹೋಗಿದ್ದೆ. ಹಿತಕಿದ ಅವರೆಬೇಳೆ, ಮೂಳೆ ಸಮೇತ ಹಂದಿಮಾಂಸ. ಪಾತ್ರೆ ಮುಂದೆ 'ಹಂದಿ ಸಾರು' ಅಂತ ಚೀಟಿ ಇಟ್ಟೆ. ಚಿಕನ್ನು ಮಟನ್ನು ಬಾರಿಸುತ್ತಿದ್ದವರೇ ಮುಖ ಕಿವುಚಿದರು. ಒಬ್ಬರು ಬಂದು, "ಇದನ್ನ ಸ್ವಲ್ಪ ಆ ಮೂಲೆ ಟೇಬಲ್ಲಿಗೆ ಇಡ್ತೀರಾ?" ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಇಟ್ಟೆ. ಸಂಜೆ ಪಾತ್ರೆ ಹೋದಷ್ಟೇ ಭಾರವಾಗಿ ಮನೆಗೆ ಬಂತು.

ಜುಲೈನಲ್ಲಿ ಮತ್ತೆ ಪಾಟ್‌ಲಕ್. ಈ ಸಲ ಅವರೆ ಬದಲು ಒಡೆದ ಹಸಿರು ಬಟಾಣಿ, ಹಸಿ ಮಾಂಸದ ಬದಲು ಹೊಗೆ ಹಾಕಿದ್ದು. ಚೀಟಿಯಲ್ಲಿ 'ಸ್ಪ್ಲಿಟ್ ಪೀ ಸೂಪ್ ವಿತ್ ಸ್ಮೋಕ್ಡ್ ಹ್ಯಾಮ್'. ಇಪ್ಪತ್ತು ನಿಮಿಷದಲ್ಲಿ ಪಾತ್ರೆ ತಳ ಕಂಡಿತು. ಮೂಲೆ ಟೇಬಲ್ ತೋರಿಸಿದ್ದ ಅದೇ ಮನುಷ್ಯ ಬಂದು ರೆಸಿಪಿ ಕೇಳಿದರು.

ಸ್ವಾಮಿ, ಹ್ಯಾಮ್ ಅಂದ್ರೆ ಏನು ಅಂದ್ಕೊಂಡ್ರಿ? ಉಪ್ಪಲ್ಲಿ ಹದ ಮಾಡಿದ ಹಂದಿ ತೊಡೆ. ಅದೇ ಹಂದಿ, ಅದೇ ತೊಡೆ. ಬದಲಾಗಿದ್ದು ಚೀಟಿ ಮಾತ್ರ.

ರೆಸಿಪಿ ಕೇಳಿದ್ದೀರಲ್ಲ, ಇಲ್ಲೇ ಕೊಟ್ಟುಬಿಡ್ತೀನಿ. ಕಾಲು ಕೆಜಿ ಒಡೆದ ಬಟಾಣಿ ತೊಳೆದುಕೊಳ್ಳಿ, ನೆನೆಹಾಕುವ ಅಗತ್ಯವಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿ, ಕ್ಯಾರೆಟ್, ಸಿಕ್ಕರೆ ಒಂದೆರಡು ಕಡ್ಡಿ ಸೆಲರಿ ಬಾಡಿಸಿ. ಬಟಾಣಿ, ಅರ್ಧ ಕೆಜಿ ಮೂಳೆ ಇರುವ ಹೊಗೆ ಮಾಂಸ, ಎರಡು ಪಲಾವ್ ಎಲೆ, ಒಂದೂವರೆ ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಗಂಟೆ, ಗಂಟೆಕಾಲಿಗೆ ಬಟಾಣಿ ಕರಗಿ ಗಂಜಿಯಾಗುತ್ತೆ. ಮೂಳೆ ತೆಗೆದು ಮಾಂಸ ಬಿಡಿಸಿ ಮತ್ತೆ ಹಾಕಿ. ಹ್ಯಾಮ್‌ನಲ್ಲೇ ಉಪ್ಪಿರೋದರಿಂದ ಉಪ್ಪು ಕಡೆಗೆ, ರುಚಿ ನೋಡಿ. ನಿಂಬೆರಸವೂ ಕಡೆಗೇ, ಹುಳಿ ಮೊದಲೇ ಬಿದ್ದರೆ ಕಾಳು ಬೇಗ ಬೇಯಲ್ಲ. ಕುಕ್ಕರ್‌ನಲ್ಲಿ ಮಾಡೋರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬಟಾಣಿ ನೊರೆ ಉಕ್ಕಿ ವಿಶಲ್ ಕಟ್ಟಿಕೊಳ್ಳುತ್ತೆ.

ಓದಿದ್ರಲ್ಲ, ಇದು ಸಾರಲ್ಲದೆ ಮತ್ತೇನು? ಕಾಳು, ಮೂಳೆ, ನೀರು, ಸಣ್ಣ ಉರಿ. ಇದೇನು ಅರಮನೆ ಊಟವೂ ಅಲ್ಲ. ಯುರೋಪಿನಲ್ಲಿ ಬಡವರು ಚಳಿಗಾಲ ಕಳೆದ ಗಂಜಿ. ಡಚ್ಚರು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ಮಾಡ್ತಾರೆ. ಸ್ವೀಡನ್‌ನಲ್ಲಿ ಗುರುವಾರ ಬಂತು ಅಂದ್ರೆ ಬಟಾಣಿ ಸೂಪು, ಅದರಲ್ಲೂ ಹಂದಿಮಾಂಸ. ಅಲ್ಲಿಯ ಬಡವರ ಗಂಜಿಗೆ ಇಲ್ಲಿ ಕೆಫೆಯಲ್ಲಿ ದುಡ್ಡು ಕೊಟ್ಟು ಫೋಟೋ ಹಾಕ್ತೀವಿ, ಇಲ್ಲಿಯ ಬಡವರ ಸಾರಿಗೆ ಮೂಲೆ ಟೇಬಲ್. ಹೊಗೆ ಮಾಂಸಕ್ಕೂ ಸೂಪರ್ ಮಾರ್ಕೆಟ್ ಫ್ರೀಜರ್ ತಡಕಬೇಕಾಗಿಲ್ಲ. ಕೊಡಗಿನಲ್ಲಿ ಒಲೆ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಇದಕ್ಕೆ ಚೆನ್ನಾಗಿ ಹೊಂದುತ್ತೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನ ಬ್ಲಫ್. ಗಗನಚುಕ್ಕಿ ನೋಡೋಕೆ ಹೋದವರು ಬೋರ್ಡ್ ನೋಡಿರ್ತೀರಿ. ಇಂಗ್ಲಿಷಲ್ಲಿ ಬ್ಲಫ್ ಅಂದ್ರೆ ಕಡಿದಾದ ದಿಬ್ಬ ಅಂತಲೂ ಅರ್ಥ ಇದೆ, ಆದರೆ ನಮಗೆ ಗೊತ್ತಿರೋದು ಇನ್ನೊಂದೇ ಅರ್ಥ. ಅಲ್ಲಿ ಕಾವೇರಿ ಧುಮುಕಿ ಹುಟ್ಟಿದ ಕರೆಂಟು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ತಂತಿ ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಬುಡ್ಡಿ ದೀಪವೇ. ಹತ್ತಿರದ್ದಕ್ಕೆ ಬೆಲೆ ಬರಬೇಕಾದರೆ ಅದು ದೂರ ಹೋಗಿ ಇಂಗ್ಲಿಷ್ ಕಲಿತು ಬರಬೇಕು ಅನ್ನೋ ಬುದ್ಧಿ ನಮಗೆ ಇವತ್ತಿಗೂ ಹೋಗಿಲ್ಲ.

ನಮ್ಮನೆಯಲ್ಲೂ ಬ್ಲಫ್ ಇತ್ತು. ಅಪ್ಪ ಹಂದಿ ತರುತ್ತಿದ್ದರು, ಆದರೆ ಒಳಗಲ್ಲ. ಹಿತ್ತಿಲಲ್ಲಿ ಮೂರು ಕಲ್ಲು, ಅದಕ್ಕೇ ಅಂತ ಇಟ್ಟ ಮಸಿ ಹಿಡಿದ ಪಾತ್ರೆ. ಮುದ್ದೆ ಒಳಗಿಂದ ಬರೋದು, ಸಾರು ಹಿತ್ತಿಲಲ್ಲೇ ಇರೋದು. ಯಾರಾದರೂ ಕೇಳಿದರೆ 'ಕುರಿ' ಅನ್ನಬೇಕು. ಆಮೇಲೆ ಸ್ಕೂಲಿಗೆ ಹೋಗಿ, ಮನೆಯಲ್ಲಿ ಹಂದಿ ಸಾಕುತ್ತಿದ್ದ ಹುಡುಗನ ಪಕ್ಕ ಕೂರಲ್ಲ ಅಂತ ಬೆಂಚು ಬದಲಾಯಿಸಿದವನು ನಾನೇ. ಅವರಪ್ಪ ಸಾಕಿದ ಹಂದಿ ನನ್ನ ಹೊಟ್ಟೆಯಲ್ಲಿತ್ತು. ಅವನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ. ನಾನು ಇಂಜಿನಿಯರ್ ಆದೆ, ಹ್ಯಾಮ್ ಅನ್ನೋ ಪದ ಕಲಿತೆ.

ಹಾಗಾಗಿ ಇದು ನಾಲಿಗೆಯ ವಿಷಯವಲ್ಲ, ಜಾತಿಯ ವಿಷಯ. 'ಹಂದಿ' ಅಂದಾಗ ನಮ್ಮ ಕಣ್ಣ ಮುಂದೆ ಸಾಕಿದವರ ಕೇರಿ ಬರುತ್ತೆ. 'ಹ್ಯಾಮ್' ಅಂದಾಗ ಯಾವ ಕೇರಿಯೂ ಬರಲ್ಲ. ಅದಕ್ಕೇ ಹ್ಯಾಮ್ ರುಚಿ.

ಈಗ ನೀವು ಕ್ಲೀನ್ ಅನ್ನೋ ಮಾತು ತೆಗೀತೀರಿ. ಊರ ಹಂದಿ ಹೊಲಸು ತಿನ್ನುತ್ತೆ, ಲಾಡಿಹುಳು ಬರುತ್ತೆ, ಅಂತ. ಒಪ್ಪಿದೆ, ಬರುತ್ತೆ. ಆದರೆ ಆ ಹುಳು ಹಂದಿಗೆ ಬರೋದು ಮನುಷ್ಯರ ಮಲದಿಂದ. ಬಯಲಿಗೆ ಹೋದವರು ನಾವು, ಕೊಳಕು ಅನ್ನಿಸಿಕೊಂಡಿದ್ದು ಹಂದಿ, ಅದರ ಜೊತೆಗೆ ಅದನ್ನ ಸಾಕಿದವರು. ದೊಡ್ಡಿಯಲ್ಲಿ ಕೂಡಿ ಮೇವು ಹಾಕಿ ಸಾಕಿದ್ದು ಕೊಳ್ಳಿ, ಒಳಗಿನವರೆಗೂ ಚೆನ್ನಾಗಿ ಬೇಯಿಸಿ.

ಇನ್ನೊಂದು ಮಾತು. ತಿನ್ನಲ್ಲ ಅನ್ನೋರಿಗೆ ನನ್ನ ತಕರಾರಿಲ್ಲ. ಧರ್ಮಕ್ಕೋ ವ್ರತಕ್ಕೋ ಮನಸ್ಸಿಗೋ ಬೇಡ ಅಂದ್ರೆ ಬೇಡ, ಅವರ ತಟ್ಟೆ ಅವರದ್ದು. ನನ್ನ ತಕರಾರು, ಜುಲೈನಲ್ಲಿ ಎರಡು ಸಲ ಬಡಿಸಿಕೊಂಡು ಜನವರಿಯಲ್ಲಿ ಮೂಗು ಮುಚ್ಚಿದವರ ಮೇಲೆ. ಅದಕ್ಕಿಂತ ಜಾಸ್ತಿ, ಆ ಚೀಟಿ ಬದಲಾಯಿಸಿದ ನನ್ನ ಮೇಲೆ. ಪಾತ್ರೆ ಖಾಲಿಯಾಗಿದ್ದಕ್ಕೆ ಖುಷಿಪಟ್ಟು ಮನೆಗೆ ಬಂದೆನಲ್ಲ, ಅದು ಹಿತ್ತಿಲಲ್ಲಿ ಕೂತು 'ಕುರಿ' ಅಂದಷ್ಟೇ ಸುಳ್ಳು.

ಡಿಸೆಂಬರ್‌ನಲ್ಲಿ ಇನ್ನೊಂದು ಪಾಟ್‌ಲಕ್ ಇದೆ. ಬಟಾಣಿ, ಹೊಗೆ ಮಾಂಸ ಎರಡನ್ನೂ ತಂದಿಟ್ಟಿದ್ದೀನಿ, ಮುದ್ದೆಯನ್ನೂ ಮಾಡಿಕೊಂಡು ಹೋಗ್ತೀನಿ. ಚೀಟಿ ಈಗಲೇ ಬರೆದಾಗಿದೆ: ಬಟಾಣಿ ಹಾಕಿದ ಹಂದಿ ಸಾರು. ನಡುವಿನ ಟೇಬಲ್ಲಿಗೇ ಇಡ್ತೀನಿ. ಪಾತ್ರೆ ತುಂಬಿಕೊಂಡೇ ವಾಪಸ್ ಬಂದರೂ ಚಿಂತೆಯಿಲ್ಲ, ಈ ಸಾರು ಮಾರನೇ ದಿನಕ್ಕೆ ಇನ್ನೂ ಗಟ್ಟಿಯಾಗುತ್ತೆ.