ಲೋಕಾಭಿಪ್ರಾಯವೂ ಲೋಕಸಾರಿಗೆಯೂ

ಅಭಿಪ್ರಾಯವೆಂಬ ಶಬ್ದದ ಒಡಲಲ್ಲಿಯೇ ಪ್ರಯಾಣವೊಂದು ಅಡಗಿದೆ. ‘ಅಭಿ’, ‘ಪ್ರ’ ಎಂಬ ಎರಡು ಉಪಸರ್ಗಗಳು ಗಮನಾರ್ಥಕವಾದ ‘ಇ’ ಧಾತುವಿನೊಡನೆ ಕೂಡಿ ಆ ಪದ ಸಿದ್ಧಿಸಿದೆ. ವಿಷಯಕ್ಕೆ ಅಭಿಮುಖವಾಗಿ ಮುಂದೆ ಸಾಗುವುದೆಂಬುದೇ ಅದರ ಮೂಲಾರ್ಥ. ಕನ್ನಡದ ‘ಸಾರು’ ಧಾತುವಿಗೂ ಎರಡು ಅರ್ಥಗಳುಂಟು: ಬಳಿಗೆ ಹೋಗುವುದು ಒಂದು, ಡಂಗುರ ಹೊಡೆದು ಹೇಳುವುದು ಮತ್ತೊಂದು. ಸಾರ್ವಜನಿಕ ವಿಷಯಗಳಲ್ಲಿ ಈಚೆಗೆ ಎರಡನೆಯ ಸಾರುವಿಕೆ ಹೆಚ್ಚಿ, ಮೊದಲನೆಯದು ವಿರಳವಾಗಿದೆ. ವಿಷಯದ ಹತ್ತಿರಕ್ಕೆ ಹೋಗದೆಯೇ ಅದನ್ನು ಕುರಿತು ತೀರ್ಪು ಕೊಡುವ ಅಭ್ಯಾಸ ವಿದ್ಯಾವಂತರಲ್ಲಿಯೂ ಬೇರೂರುತ್ತಿರುವುದು ಚಿಂತನೀಯವಾದ ಸಂಗತಿ.

ಮುಂಜಾನೆಯ ಹೋಟೆಲಿನ ಬೆಂಚಿನಿಂದ ಮೊದಲ್ಗೊಂಡು ಸಂಜೆಯ ಅರಳೀಕಟ್ಟೆಯವರೆಗೆ, ಈಗ ಕೈಯೊಳಗಿನ ಮೊಬೈಲಿನವರೆಗೆ, ಎಲ್ಲೆಡೆಯೂ ನಡೆಯುವ ಚರ್ಚೆಯ ವಸ್ತುಗಳು ಹೆಚ್ಚುಕಡಮೆ ಒಂದೇ. ಹೆಂಗಸರಿಗೆ ಬಸ್ಸು ಉಚಿತವಾದದ್ದು ಸರಿಯೇ, ಮೆಟ್ರೋ ದರ ಏರಿಸಿದ್ದು ನ್ಯಾಯವೇ, ಯಂತ್ರಗಳು ಬಂದು ಮನುಷ್ಯನ ಅನ್ನ ಕಸಿದುಕೊಂಡಾವೇ ಎಂಬ ಪ್ರಶ್ನೆಗಳಿಗೆ ಉತ್ತರಗಳು ಕ್ಷಣಾರ್ಧದಲ್ಲಿ ಹೊರಡುತ್ತವೆ. ಹೊಸತೆಲ್ಲವೂ ವಿನಾಶಕ್ಕೆ ಹಾದಿ ಎನ್ನುವವರದು ಒಂದು ಪಕ್ಷ. ಹೊಸತೊಂದು ಬಂದರೆ ಸಕಲ ಸಂಕಟವೂ ಪರಿಹಾರವಾದಂತೆಯೇ ಎನ್ನುವವರದು ಪ್ರತಿಪಕ್ಷ. ಪೂರ್ವಪಕ್ಷವನ್ನು ಸಾಂಗವಾಗಿ ಮಂಡಿಸಿದ ಬಳಿಕವೇ ಸಿದ್ಧಾಂತಕ್ಕೆ ಬರಬೇಕೆಂಬ ನಮ್ಮ ಹಿಂದಿನ ಶಾಸ್ತ್ರಪದ್ಧತಿಯನ್ನು ಈ ಎರಡು ಪಕ್ಷಗಳೂ ಮರೆತಿವೆ. ನಿತ್ಯವೂ ಕಣ್ಣೆದುರಿಗೆ ಓಡುವ ಸರ್ಕಾರಿ ಬಸ್ಸನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಈ ಮಾತು ವಿಶದವಾದೀತು.

ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ಬಸ್ಸುಗಳನ್ನು ನಡೆಸುವ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಪ್ರಾರಂಭವಾಯಿತು. ಏಕೀಕರಣವಾದ ಬಳಿಕ, 1961ರಲ್ಲಿ ಅದು ನಿಗಮವಾಯಿತು. ಮುಂದೆ 1997ರಲ್ಲಿ ಬೆಂಗಳೂರು ಮಹಾನಗರಕ್ಕೂ ವಾಯವ್ಯ ಕರ್ನಾಟಕಕ್ಕೂ, 2000ದಲ್ಲಿ ಇಂದು ಕಲ್ಯಾಣ ಕರ್ನಾಟಕವೆನಿಸಿರುವ ಭಾಗಕ್ಕೂ ಪ್ರತ್ಯೇಕ ನಿಗಮಗಳು ಏರ್ಪಟ್ಟು, ಒಂದು ನಾಲ್ಕಾಯಿತು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳೇ ಇಂದಿಗೂ ಬಹುಭಾಗದ ಸಂಚಾರವನ್ನು ನಿರ್ವಹಿಸುತ್ತಿವೆ. ಉಳಿದ ಕಡೆಗಳಲ್ಲಿ ಸಾಮಾನ್ಯ ಗ್ರಾಮಸ್ಥನ ಪಾಲಿಗೆ ಸರ್ಕಾರವೆಂದರೆ ಪೊಲೀಸು ಠಾಣೆಗಿಂತ, ತಾಲ್ಲೂಕು ಕಚೇರಿಗಿಂತ ಮೊದಲು ಆ ಬಸ್ಸೇ.

ಈ ನಿಗಮಗಳಿಗೆ ಆಧಾರವಾದ ಶಾಸನ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ. ಅದರ 18ನೆಯ ಪ್ರಕರಣ ಸಮರ್ಪಕವೂ ಸಾಕಷ್ಟೂ ಮಿತವ್ಯಯದ್ದೂ ಆದ ಸಾರಿಗೆಯನ್ನು ಜನರಿಗೆ ಒದಗಿಸುವುದು ನಿಗಮದ ಕರ್ತವ್ಯವೆಂದು ವಿಧಿಸುತ್ತದೆ. 22ನೆಯ ಪ್ರಕರಣವಾದರೋ ನಿಗಮ ವ್ಯಾಪಾರದ ತತ್ತ್ವಗಳಿಗೆ ಅನುಸಾರವಾಗಿ ವರ್ತಿಸತಕ್ಕದ್ದೆಂದು ಹೇಳುತ್ತದೆ. ಒಂದು ವಿಧಿ ಸೇವೆಯನ್ನು ನೆನಪಿಸುತ್ತದೆ, ಮತ್ತೊಂದು ಲೆಕ್ಕವನ್ನು ನೆನಪಿಸುತ್ತದೆ. ಜಾತ್ರೆಯ ದಿನಗಳ ಹೊರತು ಹತ್ತು ಜನ ಹತ್ತದ ಕುಗ್ರಾಮಕ್ಕೆ ದಿನಕ್ಕೆರಡು ಬಾರಿ ಬಸ್ಸು ಕಳುಹಿಸುವುದು ಮೊದಲನೆಯ ವಿಧಿಗೆ ಭೂಷಣ, ಎರಡನೆಯದಕ್ಕೆ ಭಾರ. ಕಳೆದ ಏಳು ದಶಕಗಳ ಸಾರಿಗೆಯ ವಾದವಿವಾದವೆಲ್ಲವೂ ಈ ಎರಡು ವಿಧಿಗಳ ನಡುವಣ ಜಗ್ಗಾಟವೇ. ಇದನ್ನರಿಯದೆ ‘ಬಸ್ಸು ನಷ್ಟದಲ್ಲಿದೆ, ಆದ್ದರಿಂದ ಕೆಟ್ಟಿದೆ’ ಎಂದು ನುಡಿಯುವುದು ಒಂದು ಪ್ರಕರಣವನ್ನು ಮಾತ್ರ ಓದಿ ಇಡೀ ಗ್ರಂಥಕ್ಕೆ ಭಾಷ್ಯ ಬರೆದಂತಾಗುತ್ತದೆ.

2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ ಈ ಜಗ್ಗಾಟವನ್ನು ಮನೆಮನೆಯ ಚರ್ಚೆಯನ್ನಾಗಿ ಮಾಡಿತು. ರಾಜ್ಯದ ನಿವಾಸಿಗಳಾದ ಸ್ತ್ರೀಯರು ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹಣ ಕೊಡದೆ ಸಂಚರಿಸಬಹುದು. ಕಂಡಕ್ಟರು ಕೊಡುವ ಶೂನ್ಯ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ದೆಹಲಿಯಲ್ಲಿ 2019ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಇಂಥ ಏರ್ಪಾಡು ಮೊದಲೇ ಬಂದಿದ್ದಿತು. ತೆಲಂಗಾಣ 2023ರ ಡಿಸೆಂಬರಿನಲ್ಲಿಯೂ, ಆಂಧ್ರಪ್ರದೇಶ 2025ರ ಆಗಸ್ಟಿನಲ್ಲಿಯೂ ಇದೇ ದಾರಿ ಹಿಡಿದವು. 2025ರ ಜುಲೈ ವೇಳೆಗೆ ಕರ್ನಾಟಕದಲ್ಲಿ ಹೀಗೆ ನಡೆದ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು.

ಈ ಯೋಜನೆಯನ್ನು ವಿರೋಧಿಸುವವರ ವಾದವನ್ನು ಲಘುವಾಗಿ ಕಾಣುವುದು ಸಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗೃಹಸ್ಥನಿಗೆ ಮಾತ್ರವಲ್ಲ, ರಾಜ್ಯಕ್ಕೂ ಅನ್ವಯಿಸುವ ನೀತಿ. ಸರ್ಕಾರ ತುಂಬಿಕೊಡಬೇಕಾದ ಹಣ ಸಕಾಲಕ್ಕೆ ಕೈಸೇರದಿದ್ದರೆ ಟೈರು ಹಳೆಯದಾಗುತ್ತದೆ, ದುರಸ್ತಿ ಮುಂದಕ್ಕೆ ಹೋಗುತ್ತದೆ, ಹೊಸ ಬಸ್ಸಿನ ಖರೀದಿ ನಿಲ್ಲುತ್ತದೆ. 2025ರ ಜನವರಿ 5ರಿಂದ ಬಸ್ಸಿನ ದರ ಶೇಕಡ 15ರಷ್ಟು ಏರಿದಾಗ, ಟಿಕೆಟ್ಟಿಗೆ ಹಣ ಕೊಡುವ ಬಡ ಕೂಲಿಯವನ ಜೇಬಿಗೂ ಕತ್ತರಿ ಬಿದ್ದಿತೆಂಬುದು ಸುಳ್ಳಲ್ಲ. ‘ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಗಾದೆಯನ್ನು ಮುಂದೊಡ್ಡಿ, ಬೆಲೆಯಿಲ್ಲದ ವಸ್ತುವಿನ ಮೇಲೆ ಜನರಿಗೆ ಆದರ ಉಳಿಯದೆಂದು ಹೇಳುವವರೂ ಉಂಟು.

ಆದರೆ ಗಾದೆ ವೇದಕ್ಕೆ ಸಮವಾದರೂ ಪ್ರತಿಯೊಂದು ಗಾದೆಗೂ ತನ್ನದೇ ಆದ ಸಂದರ್ಭವಿದೆ. ಬೇಕಿಲ್ಲದಿದ್ದರೂ ಸಂಗ್ರಹಿಸುವವನನ್ನು ಕುರಿತದ್ದು ಆ ಗಾದೆ. ಪ್ರಯಾಣವನ್ನು ಯಾರೂ ಕಣಜದಲ್ಲಿ ತುಂಬಿಡಲಾರರು. ಹಳ್ಳಿಯ ಹೆಣ್ಣುಮಗಳು ಬಸ್ಸು ಹತ್ತುವುದು ಆಸ್ಪತ್ರೆಗೆ, ಸಂತೆಗೆ, ಕೂಲಿಗೆ, ಕಾಲೇಜಿಗೆ. ಒಮ್ಮೊಮ್ಮೆ ತವರಿಗೆ, ದೇವರ ದರ್ಶನಕ್ಕೆ ಹೋದರೂ ಅದರಲ್ಲಿ ನಗತಕ್ಕದ್ದೇನೂ ಇಲ್ಲ. ದಿನಗೂಲಿಯಲ್ಲಿ ಒಂದು ಪಾಲನ್ನು ಹೋಗಿಬರುವ ಖರ್ಚಿಗೇ ಕೊಡಬೇಕಾಗಿದ್ದವಳಿಗೆ ಆ ಪಾಲು ಉಳಿಯುವುದೆಂದರೆ, ಅವಳು ದುಡಿಯಬಹುದಾದ ಊರುಗಳ ಸುತ್ತಳತೆಯೇ ವಿಸ್ತಾರವಾದಂತೆ.

ಇಲ್ಲಿ ಇನ್ನೊಂದು ಅಂಶವೂ ಪರಿಶೀಲನಾರ್ಹವಾಗಿದೆ. ಟಿಕೆಟ್ಟಿನ ಮೇಲೆ ಶೂನ್ಯವೆಂದು ಅಚ್ಚಾಗಿರುವುದರಿಂದ ಬಸ್ಸಿನ ಉಚಿತ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾರಿನವನಿಗೆ ದೊರೆಯುವ ಉಚಿತ ಎಲ್ಲಿಯೂ ಅಚ್ಚಾಗುವುದಿಲ್ಲ. ನಗರದ ಬೀದಿಯಲ್ಲಿ ದಿನವಿಡೀ ಕಾರು ನಿಲ್ಲಿಸಿದ ಜಾಗಕ್ಕೆ ಬಹುತೇಕ ಕಡೆ ಬಾಡಿಗೆಯಿಲ್ಲ. ಮೇಲ್ಸೇತುವೆಯನ್ನು ಏರಿ ಇಳಿಯುವಾಗ ಯಾವ ಕಂಡಕ್ಟರನೂ ಶೂನ್ಯ ಟಿಕೆಟ್ಟು ಕೊಡುವುದಿಲ್ಲ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ರೇಷ್ಮೆ ಮಂಡಳಿ ವೃತ್ತದವರೆಗೆ ಸುಮಾರು 17 ಕಿಲೋಮೀಟರು ಉದ್ದದ ಸುರಂಗ ರಸ್ತೆಗೆ 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜು 2025ರಲ್ಲಿ ಬಹುಚರ್ಚಿತವಾಯಿತು. ಐವತ್ತು ಜನರನ್ನು ಹೊತ್ತ ಒಂದು ಬಸ್ಸು ರಸ್ತೆಯಲ್ಲಿ ಹಿಡಿಯುವ ಸ್ಥಳ ಎರಡು ಮೂರು ಕಾರುಗಳದ್ದು. ಹೀಗಿರುವಾಗ ರಸ್ತೆಗೆ ಸುರಿದ ಹಣವನ್ನು ‘ಅಭಿವೃದ್ಧಿ’ ಎಂದೂ, ಬಸ್ಸಿಗೆ ಕೊಟ್ಟ ಹಣವನ್ನು ‘ನಷ್ಟ’ ಎಂದೂ ಕರೆಯುವುದು ಒಂದೇ ತಕ್ಕಡಿಗೆ ಎರಡು ಬಗೆಯ ತೂಕದ ಕಲ್ಲುಗಳನ್ನಿಟ್ಟಂತೆ. ಎರಡೂ ಸಾರ್ವಜನಿಕ ದ್ರವ್ಯವೇ. ಎರಡನ್ನೂ ಒಂದೇ ಕಲ್ಲಿನಿಂದ ತೂಗಬೇಕು.

ಮೆಟ್ರೋ ರೈಲಿನ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಓಡಲಾರಂಭಿಸಿದ ಆ ರೈಲು ಇಂದು ನಗರದ ಹಲವು ದಿಕ್ಕುಗಳಿಗೆ ಹಬ್ಬಿದೆ. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ಜನ ಗೊಣಗಿದ್ದು ಸಹಜವೇ. ಕೋಟಿಗಟ್ಟಲೆ ವೆಚ್ಚಮಾಡಿ ನಿರ್ಮಿಸಿದ ವ್ಯವಸ್ಥೆಯ ಸಾರ್ಥಕ್ಯ ಅದು ತುಂಬಿ ಓಡುವುದರಲ್ಲಿದೆ. ದರ ಏರಿ ಅದರ ಪ್ರಯಾಣಿಕ ಮರಳಿ ಮೋಟಾರು ಸೈಕಲ್ಲಿಗೆ ಹೋದನೆಂದರೆ ಲೆಕ್ಕಪುಸ್ತಕದಲ್ಲಿ ಬಂದ ಲಾಭ ರಸ್ತೆಯ ಹೊಗೆಯಲ್ಲಿ ಕರಗಿಹೋಗುತ್ತದೆ.

ಇನ್ನು ಯಂತ್ರದ ಮಾತು. ಹಿಂದೆ ಕಂಡಕ್ಟರು ಬಣ್ಣಬಣ್ಣದ ಟಿಕೆಟ್ಟುಗಳ ಕಟ್ಟನ್ನು ಹಿಡಿದು, ತೂತು ಹೊಡೆದು ಹರಿದುಕೊಡುತ್ತಿದ್ದ. ಈಗ ಅವನ ಅಂಗೈಯಗಲದ ಯಂತ್ರ ಕ್ಷಣದಲ್ಲಿ ಟಿಕೆಟ್ಟನ್ನು ಅಚ್ಚುಹಾಕುತ್ತದೆ. ಯಾವ ನಿಲ್ದಾಣದಲ್ಲಿ ಎಷ್ಟು ಮಂದಿ ಹತ್ತಿದರು, ಎಲ್ಲಿಗೆ ಟಿಕೆಟ್ಟು ಪಡೆದರು, ಎಷ್ಟು ಗಂಟೆಗೆ ಎಂಬ ವಿವರಗಳೆಲ್ಲವನ್ನೂ ಅದು ದಾಖಲಿಸಬಲ್ಲದು. ಚಿಲ್ಲರೆಯ ಜಗಳವನ್ನು ಯುಪಿಐ ಎಂಬ ಪಾವತಿಕ್ರಮ ಬಹುಮಟ್ಟಿಗೆ ತಗ್ಗಿಸಿದೆ. ಇವೆಲ್ಲವೂ ಸ್ವಾಗತಾರ್ಹವೇ. ಯಂತ್ರವೆಂದೊಡನೆ ಮುಖ ತಿರುಗಿಸುವುದು ಪಾಂಡಿತ್ಯದ ಲಕ್ಷಣವೂ ಅಲ್ಲ, ಸಂಪ್ರದಾಯದ ಲಕ್ಷಣವೂ ಅಲ್ಲ. ತಾಳೆಗರಿಯ ಕಂಠವನ್ನು ಬಿಟ್ಟು ಅಚ್ಚಿನ ಮೊಳೆಯನ್ನು ಹಿಡಿದುದರಿಂದಲೇ ಅಲ್ಲವೆ ಪ್ರಾಚೀನ ಗ್ರಂಥಗಳು ಬಡ ವಿದ್ಯಾರ್ಥಿಯ ಕೈಗೂ ಎಟುಕಿದುದು?

ಆದರೆ ಆ ಯಂತ್ರಕ್ಕೆ ಒಂದು ಕುರುಡಿದೆ. ಬಸ್ಸು ಹತ್ತಿದವರನ್ನು ಅದು ಎಣಿಸುತ್ತದೆ. ಹತ್ತಲಾಗದೆ ಉಳಿದವರನ್ನು ಎಣಿಸದು. ತುಂಬಿದ ಬಸ್ಸು ನಿಲ್ಲದೆ ಮುಂದೆ ಸಾಗಿದಾಗ ರಸ್ತೆಯ ಬದಿಯಲ್ಲಿ ಪುಸ್ತಕದ ಚೀಲ ಹೊತ್ತು ನಿಂತ ನಾಲ್ವರು ಹುಡುಗಿಯರ ಹೆಸರಿಗೆ ಶೂನ್ಯ ಟಿಕೆಟ್ಟೂ ಇಲ್ಲ, ಹಣದ ಟಿಕೆಟ್ಟೂ ಇಲ್ಲ. ಆದ್ದರಿಂದ ಆ ಹೊತ್ತಿಗೆ ಇನ್ನೊಂದು ಬಸ್ಸು ಬೇಕೆಂಬ ಸಾಕ್ಷ್ಯ ಯಾವ ಕಡತದಲ್ಲಿಯೂ ಹುಟ್ಟುವುದಿಲ್ಲ. 500 ಕೋಟಿ ಎಂಬ ಸಂಖ್ಯೆ ಎಷ್ಟೇ ದೊಡ್ಡದಾದರೂ ಅದರೊಳಗೆ ಈ ನಾಲ್ವರು ಸೇರಿಲ್ಲ. ಮೊದಲ ಪಾಠ ಮುಗಿದ ಮೇಲೆ ಶಾಲೆಗೆ ಬರುವ ಮಗು ಸೋಮಾರಿಯೆನಿಸಿಕೊಳ್ಳುತ್ತದೆ. ಸಂಜೆಯ ಬಸ್ಸು ತಪ್ಪಿ ಕತ್ತಲಲ್ಲಿ ಮನೆ ಸೇರಿದ ಹೆಣ್ಣುಮಗುವಿಗೆ ಮರುವರ್ಷ ‘ಓದಿದ್ದು ಸಾಕು’ ಎಂಬ ಮಾತು ಕಾದಿರುತ್ತದೆ. ಒಂದು ಬಸ್ಸಿನ ವೇಳೆ ಅರ್ಧ ಗಂಟೆ ಆಚೀಚೆಯಾದುದರಿಂದ ಒಂದು ವಿದ್ಯೆಯೇ ನಿಂತುಹೋಗುವುದುಂಟು. ಪ್ರಯಾಣ ಉಚಿತವಾಗಿದೆ ಎಂಬುದರ ಜೊತೆಗೆ ಪ್ರಯಾಣಕ್ಕೆ ಬಸ್ಸು ಇದೆಯೆ ಎಂಬ ಪ್ರಶ್ನೆಯನ್ನೂ ಕೇಳಬೇಕಾದುದು ಈ ಕಾರಣದಿಂದ. ಬಾರದ ಬಸ್ಸಿನಲ್ಲಿ ಉಚಿತಕ್ಕೂ ದುಬಾರಿಗೂ ಭೇದವಿಲ್ಲ.

ಆದಕಾರಣ ಸಾರಿಗೆಯ ನೀತಿ ಮೂರು ಆಧಾರಗಳ ಮೇಲೆ ನಿಲ್ಲಬೇಕಾಗಿದೆ. ಮೊದಲನೆಯದಾಗಿ, ಲಾಭ ತಾರದ ಗ್ರಾಮಮಾರ್ಗಗಳನ್ನು ನಿಗಮದ ನಷ್ಟವೆಂದು ಬಚ್ಚಿಡದೆ, ರಾಜ್ಯ ತಿಳಿದು ಮಾಡಿದ ಸೇವೆಯೆಂದು ಘೋಷಿಸಿ ಅದರ ವೆಚ್ಚವನ್ನು ಮುಂಗಡಪತ್ರದಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಎರಡನೆಯದಾಗಿ, ಉಚಿತ ಪ್ರಯಾಣದ ಬಾಬ್ತು ತೆರಬೇಕಾದ ಹಣವನ್ನು ಸರ್ಕಾರ ತಿಂಗಳು ತಿಂಗಳಿಗೆ ತಪ್ಪದೆ ತೆರಬೇಕು. ದಾನವನ್ನು ಘೋಷಿಸಿ ಸಾಲವನ್ನು ನಿಗಮದ ತಲೆಗೆ ಕಟ್ಟುವುದು ದಾನವೆನಿಸದು. ಮೂರನೆಯದಾಗಿ, ವೇಳಾಪಟ್ಟಿಯನ್ನು ನಿರ್ಣಯಿಸುವಾಗ ಯಂತ್ರದ ಅಂಕಿಯ ಜೊತೆಗೆ ನಿಲ್ದಾಣದಲ್ಲಿ ಉಳಿದವರ ಅಂಕಿಯನ್ನೂ ತರಿಸಿಕೊಳ್ಳಬೇಕು.

ಆ ಅಂಕಿಯನ್ನು ಒದಗಿಸಬಲ್ಲವರು ಯಾರು? ಶಾಲೆಗಳೇ. ದೂರದ ಊರುಗಳಿಂದ ಬರುವ ಮಕ್ಕಳು ಎಷ್ಟು ಗಂಟೆಗೆ ನಿಲ್ದಾಣಕ್ಕೆ ಬಂದರು, ಎಷ್ಟನೆಯ ಬಸ್ಸು ಸಿಕ್ಕಿತು, ಎಷ್ಟು ದಿನ ಬಸ್ಸು ನಿಲ್ಲಲಿಲ್ಲ ಎಂಬುದನ್ನು ಒಂದು ತಿಂಗಳ ಕಾಲ ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಬರೆದಿಟ್ಟರೆ, ಅದು ಗಣಿತದ ಪಾಠವೂ ಆದೀತು, ಪೌರನೀತಿಯ ಪಾಠವೂ ಆದೀತು. ಅದನ್ನು ಒಕ್ಕಣೆ ತಿದ್ದಿ ಡಿಪೋ ವ್ಯವಸ್ಥಾಪಕರಿಗೆ ಕಳುಹಿಸಿದರೆ ಕನ್ನಡದ ಪತ್ರಲೇಖನಕ್ಕೂ ಅಭ್ಯಾಸವಾದೀತು. ಬರಿಯ ದೂರನ್ನು ಕಚೇರಿ ಬದಿಗಿಡಬಹುದು. ದಿನಾಂಕ, ವೇಳೆ, ಊರುಗಳ ಹೆಸರುಗಳೊಡನೆ ಬಂದ ಪಟ್ಟಿಯನ್ನು ಬದಿಗಿಡುವುದು ಅಷ್ಟು ಸುಲಭವಲ್ಲ. ಸಾರಿಗೆ, ಲೆಕ್ಕಪತ್ರ, ಆಡಳಿತಗಳಲ್ಲಿ ನೆಲೆಗೊಂಡಿರುವ ಹಳೆಯ ವಿದ್ಯಾರ್ಥಿಗಳು ಆ ಪಟ್ಟಿಗೆ ದನಿಯಾಗಬಹುದು. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿ ಮಕ್ಕಳಿಂದ ತುಂಬಬೇಕಾದರೆ ಆ ಕೊಠಡಿಯವರೆಗಿನ ದಾರಿಯೂ ತೆರೆದಿರಬೇಕೆಂಬುದನ್ನು ಅವರು ಬಲ್ಲರು.

ಉಚಿತವನ್ನು ಹೊಗಳುವವರೂ ತೆಗಳುವವರೂ ಒಮ್ಮೆ ಬೆಳಗಿನ ಎಂಟು ಗಂಟೆಗೆ ಹಳ್ಳಿಯ ನಿಲ್ದಾಣವೊಂದರಲ್ಲಿ ಅರ್ಧ ಗಂಟೆ ನಿಂತು ಅನಂತರ ಮಾತನಾಡುವುದು ಒಳಿತು. ಆಗ ಅವರಾಡುವ ನುಡಿ ಯಾವ ಪಕ್ಷದ್ದಾದರೂ ಆಗಲಿ, ಅದು ವಿಷಯದ ಬಳಿಗೆ ಹೋಗಿ ಬಂದ ನುಡಿಯಾಗಿರುತ್ತದೆ. ಅಂಥದಕ್ಕೆ ಮಾತ್ರವೇ ಅಭಿಪ್ರಾಯವೆಂಬ ಹೆಸರು ಒಪ್ಪುತ್ತದೆ.